ಡೈರಿ ಬರೆಯದ ಡ್ರಾಕುಲಾ

ನಮಸ್ಕಾರ,

ರಕ್ತಪಿಶಾಚಿ ಡ್ರಾಕುಲಾ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬಿಸಾಕುವಂಥದ್ದೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಎಂಟು ಪುಟದಲ್ಲಿ ಐದು ಪುಟ ಬರೀ ಕಥೆಯೇ ಆಗಿದೆ. ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ಕಾದಂಬರಿಯ ಕಥೆ ಒಂದು ಸಲ, ಕೊಪ್ಪೊಲಾ 1992ರಲ್ಲಿ ಮಾಡಿದ ಸಿನಿಮಾದ ಕಥೆ ಇನ್ನೊಂದು ಸಲ. ಆಮೇಲೆ "ಭಯದ ಕಥೆಯನ್ನು ಪ್ರೇಮಕಥೆ ಮಾಡಿ ಕೆಡಿಸಿದ್ದಾರೆ" ಅಂತ ಒಂದೇ ಸಾಲಿನ ತೀರ್ಪು. ಹೇಗೆ ಕೆಡಿಸಿದರು? ಅದನ್ನು ಓದೋಣ ಅಂತ ಕಾಯುತ್ತಿದ್ದೆ, ಅಷ್ಟರಲ್ಲಿ ಲೇಖನವೇ ಮುಗಿದುಹೋಯಿತು.

ಒಂದು ದೃಶ್ಯ ಹಿಡಿದುಕೊಳ್ಳಿ ಸಾಕು. ಡ್ರಾಕುಲಾ ತನ್ನ ಎದೆ ಸೀಳಿಕೊಂಡು ಕಥಾನಾಯಕಿ ಮೀನಾಗೆ ರಕ್ತ ಕುಡಿಸುವುದು. ಕಾದಂಬರಿಯಲ್ಲಿ ಅವಳ ಗಂಡ ಅಲ್ಲೇ ಮಂಚದ ಮೇಲೆ ಮಂಪರಿನಲ್ಲಿ ಬಿದ್ದಿರುತ್ತಾನೆ, ಡ್ರಾಕುಲಾ ಅವಳ ಎರಡೂ ಕೈಗಳನ್ನು ಎಡಗೈಯಲ್ಲಿ ಬಿಗಿಹಿಡಿದು, ಬಲಗೈಯಿಂದ ಕುತ್ತಿಗೆ ಅದುಮಿ ಮುಖವನ್ನು ಎದೆಗೆ ಒತ್ತುತ್ತಾನೆ, ಮಕ್ಕಳು ಬೆಕ್ಕಿನ ಮರಿಯ ಮೂತಿಯನ್ನು ಹಾಲಿನ ತಟ್ಟೆಗೆ ಅದುಮುತ್ತಾರಲ್ಲ, ಹಾಗೆ. ಹೋಲಿಕೆ ಸ್ಟೋಕರನದೇ. ಓದಿದರೆ ಮೈ ಜುಮ್ಮೆನ್ನುತ್ತದೆ. ಸಿನಿಮಾದಲ್ಲೂ ಅದೇ ಎದೆ, ಅದೇ ರಕ್ತ. ಆದರೆ ಅಲ್ಲಿ ಬೇಕು ಅನ್ನುವವಳು ಮೀನಾ, ಬೇಡ ಅಂತ ಹಿಂಜರಿಯುವವನು ಡ್ರಾಕುಲಾ!

ಇಷ್ಟು ದೊಡ್ಡ ಪಲ್ಟಿ ಹೊಡೆಯಲು ದಾರಿ ಎಲ್ಲಿತ್ತು? ಕಾದಂಬರಿ ಇರುವುದೇ ಡೈರಿ, ಪತ್ರ, ಟೆಲಿಗ್ರಾಂಗಳಲ್ಲಿ. ಡ್ರಾಕುಲಾನನ್ನು ಹೊತ್ತು ತರುವ ಹಡಗಿನ ಕ್ಯಾಪ್ಟನ್ ಕೂಡ ದಿನಚರಿ ಬರೆಯುತ್ತಾನೆ, ಡ್ರಾಕುಲಾನ ಡೈರಿ ಮಾತ್ರ ಇಲ್ಲ. ಅವನ ಮನಸ್ಸಿನಲ್ಲಿ ಏನಿದೆ ಅಂತ ನಮಗೆ ಗೊತ್ತಾಗುವುದೇ ಇಲ್ಲ, ಭಯ ಹುಟ್ಟುವುದೂ ಅಲ್ಲಿಂದಲೇ. ಸಿನಿಮಾ ಶುರುವಿನಲ್ಲೇ 1462ಕ್ಕೆ ಹೋಗಿ, ಯುದ್ಧ ಗೆದ್ದು ಬಂದವನ ಮುಂದೆ ಹೆಂಡತಿಯ ಹೆಣ ಇಡುತ್ತದೆ. ಅಲ್ಲಿಗೆ ನಾವು ಅವನ ಕಡೆ ವಾಲಿದ ಹಾಗೇ. ನಿಮ್ಮ ಲೇಖನ ಇಲ್ಲಿಂದ ಶುರುವಾಗಬೇಕಿತ್ತು, ಅಲ್ವಾ?

ಹಾಗಂತ ಪ್ರೇಮವನ್ನು ಸುಮ್ನೆ ತಂದು ಅಂಟಿಸಿದ್ದಾರೆ ಅನ್ನುವುದೂ ಪೂರ್ತಿ ಸರಿಯಲ್ಲ. ಕೋಟೆಯ ಮೂವರು ಹೆಂಗಸರು ಹಂಗಿಸಿದಾಗ, ನಾನೂ ಪ್ರೀತಿಸಬಲ್ಲೆ, ನಿಮಗೇ ಗೊತ್ತಲ್ಲ ಅನ್ನುತ್ತಾನೆ ಕಾದಂಬರಿಯ ಡ್ರಾಕುಲಾ. ಅವನು ಸಾಯುವಾಗ ಮುಖದಲ್ಲಿ ಶಾಂತಿ ಕಂಡೆ ಅಂತ ಬರೆದುಕೊಳ್ಳುವವಳೂ ಮೀನಾಳೇ. ನಿಮ್ಮ ಕಣ್ಣಿಗೆ ತಪ್ಪಿಹೋದಂಥ ಜಾಗಗಳು ಇವು. ಮತ್ತೊಮ್ಮೆ ಕಾದಂಬರಿ ತೆಗೆದು ಹುಡುಕಿ, ಇನ್ನೂ ಸಿಗುತ್ತವೆ.

ಎರಡು ತಪ್ಪು ತಿದ್ದಿಕೊಳ್ಳಿ. ಡ್ರಾಕುಲಾ ಹಗಲಲ್ಲಿ ಲಂಡನ್ ಸುತ್ತುವುದು ಸಿನಿಮಾದವರ ಎಡವಟ್ಟಲ್ಲ, ಕಾದಂಬರಿಯಲ್ಲೇ ಇದೆ. ಬಿಸಿಲಿಗೆ ರಕ್ತಪಿಶಾಚಿ ಸಾಯುವುದು 1922ರಲ್ಲಿ ಜರ್ಮನ್ ನಿರ್ದೇಶಕ ಮುರ್ನಾವ್ ಮಾಡಿದ ಮೂಕಿ ಚಿತ್ರ "ನೊಸ್ಫೆರಾಟು"ದಿಂದ ಬಂದದ್ದು. ಇನ್ನು, ಸಿನಿಮಾದ ಮೀನಾ ಸತ್ತ ಹೆಂಡತಿಯ ಹಾಗೇ ಇದ್ದಾಳಲ್ಲ, ಹೀಗೆ ಕಳೆದುಕೊಂಡ ಪ್ರೇಯಸಿಯ ಹಾಗೇ ಕಾಣುವವಳ ಹಿಂದೆ ಅವನು ಬೀಳುವುದು 1992ರಲ್ಲೇ ಮೊದಲಲ್ಲ. 1974ರ ಟೀವಿ ಚಿತ್ರದಲ್ಲಿ, ಜಾಕ್ ಪ್ಯಾಲನ್ಸ್ ಡ್ರಾಕುಲಾ ಆಗಿದ್ದಾಗಲೇ ಆಗಿಹೋಗಿದೆ, ಅಲ್ಲಿ ಹುಡುಗಿ ಲೂಸಿ.

ಸಿನಿಮಾದಲ್ಲಿ ಡ್ರಾಕುಲಾನ ಮೈ ಒಂದು ಕಡೆ ಇದ್ದರೆ ನೆರಳು ಇನ್ನೊಂದು ಕಡೆ ಹೋಗುವುದರ ಬಗ್ಗೆ ಬರೆದ ಪ್ಯಾರಾ ಮಾತ್ರ ಚೆನ್ನಾಗಿದೆ. ಅದನ್ನು ಮುಟ್ಟಬೇಡಿ. ಕಥೆಯ ಐದು ಪುಟವನ್ನು ಅರ್ಧ ಪುಟಕ್ಕೆ ಇಳಿಸಿ ಮತ್ತೆ ಕಳಿಸಿ. ಪೋಸ್ಟರ್ ಫೋಟೋ ಬೇಡ.