ಹಾಸ್ಟೆಲ್ ಬಂತು, ಗಣಿತ ಎಲ್ಲಿ?

ಚಿತ್ತಾಪುರದಿಂದ ಹೈಸ್ಕೂಲ್ ಗಣಿತ ಶಿಕ್ಷಕರೊಬ್ಬರು ಬರೆದಿದ್ದಾರೆ: "ಹೋದ ಸಂಚಿಕೆಯಲ್ಲಿ ಗಣಿತ ಎಂಎಸ್ಸಿ ಮಾಡಿದ ಆರು ಮಂದಿಯ ನೆನಪು ಹಾಕಿದ್ದೀರಿ. ಹಾಸ್ಟೆಲ್ ಅದ, ಮೆಸ್ಸಿನ ನೀರು ಸಾರು ಅದ, ಕಲಬುರಗಿ ಬಿಸಿಲು ಅದ. ಗಣಿತ ಎಲ್ಲದರಿ? ಇನ್ನೊಂದು, ಗಣಿತ ಎಲ್ಲಾ ಹೊರಗಿನವರದೇ ಏನ್ರಿ ಅಂತ ನಮ್ಮ ಹುಡುಗರು ಕೇಳ್ತಾರ. ಏನು ಹೇಳಲಿ?"

ಸರ್, ಪತ್ರ ಓದಿ ಆಫೀಸಿನಲ್ಲಿ ಎಲ್ಲರೂ ನಕ್ಕೆವು. ಆಮೇಲೆ ಆ ಆರೂ ಲೇಖನ ತೆಗೆದು ನೋಡಿದೆ. ನೀವು ಹೇಳಿದ್ದು ಖರೆ. ಒಂದರಲ್ಲೂ ಒಂದು ಪ್ರಮೇಯದ ಹೆಸರಿಲ್ಲ. ಅವನ್ನು ತಿದ್ದಿದವನು ನಾನೇ. ನಾನೂ ಅದನ್ನೇ ಓದಿದವನು, ಆದರೂ ಹೊಳೆಯಲಿಲ್ಲ!

ಒಂದು ಲೆಕ್ಕ ತಿಳಿದ ಮೇಲೆ, ಅದು ತಿಳಿಯದೆ ಒದ್ದಾಡಿದ್ದು ಮರೆತೇಹೋಗುತ್ತದೆ. ಪಕ್ಕದಲ್ಲಿ ಯಾರಿದ್ದರು, ಏನು ತಿಂದೆವು ಅನ್ನೋದಷ್ಟೇ ಉಳಿಯುತ್ತದೆ. ನನ್ನದನ್ನೇ ಹೇಳುತ್ತೇನೆ. ಡಿಗ್ರಿಯವರೆಗೆ ಗಣಿತ ಅಂದರೆ ಸೂತ್ರ ಹಾಕು, ಉತ್ತರ ತೆಗೆ. ಗುಲ್ಬರ್ಗಾ ವಿಶ್ವವಿದ್ಯಾಲಯಕ್ಕೆ ಬಂದರೆ ಮೊದಲ ಸೆಮಿಸ್ಟರಿನಲ್ಲೇ ರಿಯಲ್ ಅನಾಲಿಸಿಸ್. ಬೋರ್ಡ್ ತುಂಬ ಎಪ್ಸಿಲಾನ್ (ಉತ್ತರ ಎಷ್ಟರೊಳಗೆ ಅಲುಗಾಡಬಹುದು ಅನ್ನೋ ಸಣ್ಣ ಅಳತೆ), ಡೆಲ್ಟಾ (ಅದಕ್ಕಾಗಿ ಎಕ್ಸ್ ಎಷ್ಟರೊಳಗೆ ಸರಿಯಬೇಕು ಅನ್ನೋ ಅಳತೆ). ನಾನು ಸುಮ್ನೆ ಬಾಯಿಪಾಠ ಮಾಡಿದೆ. ಮೊದಲ ಟೆಸ್ಟಿನಲ್ಲಿ 20ಕ್ಕೆ 4.

ರೂಮಿನ ಗೆಳೆಯ ಬೀದರ ಜಿಲ್ಲೆ ಔರಾದಿನವನು. ಕರೆಂಟ್ ಹೋದ ಒಂದು ರಾತ್ರಿ ಮಾಳಿಗೆ ಮೇಲೆ ಕರೆದುಕೊಂಡು ಹೋದ. ಟಾರ್ಚ್ ನನ್ನ ಕೈಗೆ ಕೊಟ್ಟು, ಸುಣ್ಣದ ಕಡ್ಡಿಯಲ್ಲಿ ನೆಲದ ಮೇಲೆ ಎಕ್ಸ್ ವರ್ಗದ (x²) ಗ್ರಾಫಿನ ಗೆರೆ ಎಳೆದ. "ಸಂತಿ ವ್ಯವಹಾರ ಇದ್ದಂಗ ನೋಡಪಾ. ನೀ ಎಷ್ಟು ಸಣ್ಣ ಎಪ್ಸಿಲಾನ್ ಕೇಳ್ತಿ ಕೇಳು. ಅದಕ್ಕ ತಕ್ಕ ಡೆಲ್ಟಾ ನಾ ಕೊಡಬೇಕು. ಕೊಡಲಿಕ್ಕಾಗಲಿಲ್ಲ ಅಂದ್ರ ನಾ ಸೋತೆ." 1ರ ಹತ್ತಿರ 0.01 ಸರಿದರೆ ವರ್ಗ ಬರೀ 0.02ರಷ್ಟು ಏರುತ್ತದೆ. 1000ದ ಹತ್ತಿರ ಅಷ್ಟೇ ಸರಿದರೆ 20 ಏರುತ್ತದೆ. ಮುಂದೆ ಹೋದಷ್ಟೂ ಡೆಲ್ಟಾ ಸಣ್ಣದು ಮಾಡುತ್ತಲೇ ಇರಬೇಕು. ಎಲ್ಲ ಕಡೆಗೂ ಒಂದೇ ಡೆಲ್ಟಾ ನಡೆದರೆ ಮಾತ್ರ ಅದು ಯೂನಿಫಾರ್ಮ್ ಕಂಟಿನ್ಯೂಟಿ. "ಒಂದೇ ಸೈಜಿನ ಯೂನಿಫಾರ್ಮ್ ಸಾಲಿ ಹುಡುಗರಿಗೆಲ್ಲ ಹೊಲಿಸಿದ್ರ ಆಗ್ತದೇನು?" ಅಂದ. ನಕ್ಕೆ. ನಗುವಾಗಲೇ ಅರ್ಥವಾಗಿತ್ತು. ಮರುದಿನ ಆ ಗೆರೆಯ ಮೇಲೆ ಯಾರೋ ಲುಂಗಿ ಒಣಹಾಕಿದ್ದರು.

ಈಗ ಇದನ್ನು ಹಾಸ್ಟೆಲ್ ಲೆಕ್ಕಕ್ಕೆ ಹಾಕುತ್ತೀರೋ, ಗಣಿತದ ಲೆಕ್ಕಕ್ಕೋ?

ಇನ್ನು ಹುಡುಗರ ಪ್ರಶ್ನೆ. ಅವರನ್ನು ಒಂದು ಸಲ ಮಳಖೇಡಕ್ಕೆ ಕರೆದುಕೊಂಡು ಹೋಗಿ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅದೇ ಅಲ್ವಾ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲ ಇಲ್ಲ ಎಂದು ಅದರಲ್ಲಿ ಹೇಳಿದ್ದಾನೆ. ನಾನು ಮೈನಸ್ ಒಂದರ ವರ್ಗಮೂಲ ಇಟ್ಟುಕೊಂಡು ಕಾಂಪ್ಲೆಕ್ಸ್ ಅನಾಲಿಸಿಸ್ ಪೇಪರ್ ಬರೆದು, ಅದೇ ಸಂಜೆ ಸೇಡಂ ಬಸ್ ಹತ್ತಿ ಮಳಖೇಡ ದಾಟಿದವನು. ಕಿಟಕಿಗೆ ತಲೆ ಆನಿಸಿ ಗಡದ್ದಾಗಿ ನಿದ್ದೆ. ಔರಾದಿನವನು ಮಾತ್ರ ಬೀದರಿನಲ್ಲಿ 1472ರಲ್ಲಿ ಕಟ್ಟಿದ, ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾದಲ್ಲಿ ಗಣಿತವನ್ನೂ ಕಲಿಸುತ್ತಿದ್ದರೆಂದು ಆಗಾಗ ಜಂಬ ಕೊಚ್ಚುತ್ತಿದ್ದ.

ಆರೂ ಮಂದಿಗೆ ಫೋನ್ ಮಾಡಿದ್ದೇನೆ. ತಲಾ ಒಂದು ಪುಟ, ತಲೆ ಕೆಡಿಸಿದ ಒಂದೇ ಒಂದು ಲೆಕ್ಕದ ಬಗ್ಗೆ ಬರೆಯಲು ಒಪ್ಪಿದ್ದಾರೆ. ನಿಮ್ಮದೂ ಒಂದು ಪುಟ ಕಳಿಸಿ ಸರ್. ಮಧ್ಯೆ ಮೆಸ್ಸಿನ ಸಾರು ಬಂದರೆ ತೆಗೆಯುವುದಿಲ್ಲ.

– ಸಂ.