ವಿಜಯಪುರದಂಥ ಊರಲ್ಲಿ ಪೊಲೀಸರ ತಪ್ಪು ಬರೆಯುವ ಪತ್ರಕರ್ತನಾಗಿ ಬದುಕೋಕೆ ಆಗುತ್ತಾ?

ಪತ್ರಿಕೋದ್ಯಮ ಓದುತ್ತಿದ್ದೀರಿ, ಠಾಣೆಯೊಳಗಿನ ದೌರ್ಜನ್ಯದ ಬಗ್ಗೆಯೇ ಬರೆಯುವ ಆಸೆ, ಅದರಲ್ಲಿ ಹೊಟ್ಟೆ ತುಂಬುತ್ತಾ ಅಂತ ಕೇಳಿದ್ದೀರಿ. ಬರೀ ಅದರಿಂದ ತುಂಬೋದಿಲ್ಲ. ನಾನು ಇಲ್ಲಿ ಕ್ರೈಂ ಬೀಟ್ ನೋಡುತ್ತೇನೆ. ದಿನಾ ಅಪಘಾತ, ಕಳವು, ಎಸ್ಪಿ ಪತ್ರಿಕಾಗೋಷ್ಠಿ ಇದ್ದದ್ದೇ. ನೀವು ಹೇಳುವಂಥ ಸುದ್ದಿ ವರ್ಷಕ್ಕೆ ಒಂದು ಕೈಗೆ ಹತ್ತಿದರೆ ಜಾಸ್ತಿ.

ಪೇಚು ಏನಂದ್ರೆ, ದಿನದ ಸುದ್ದಿ ಕೊಡುವವರೂ ಪೊಲೀಸರೇ, ನೀವು ಬರೆಯಬೇಕಾದದ್ದೂ ಅವರ ವಿರುದ್ಧವೇ. ಬರೆದ ಮರುದಿನದಿಂದ ಯಾರೂ ಫೋನ್ ಎತ್ತುವುದಿಲ್ಲ. ಅದಕ್ಕೇ ಮೊದಲಿಂದಲೂ ಕಾಗದದ ಬೆನ್ನು ಹತ್ತಬೇಕು.

ಇಂಡಿ ಕಡೆಯ ಒಬ್ಬ ತಾಯಿ ನನ್ನ ಹತ್ತಿರ ಬಂದಿದ್ದರು. ಮಗನನ್ನು ಕಳವಿನ ಅನುಮಾನದ ಮೇಲೆ ಹಿಡಿದಿದ್ದರು. ಠಾಣೆಯ ಲೆಕ್ಕದಲ್ಲಿ ಬಂಧನ ಬುಧವಾರ ಸಂಜೆ, ಕೋರ್ಟಿಗೆ ಹಾಜರು ಗುರುವಾರ. ಬಂಧಿಸಿದ 24 ಗಂಟೆಯೊಳಗೆ ಕೋರ್ಟಿಗೆ ಹಾಜರುಪಡಿಸಬೇಕು ಅನ್ನೋ ನಿಯಮ ಚಾಚೂ ತಪ್ಪಿಲ್ಲ. ಆಕೆ ಮಾತ್ರ, ‘ಸೋಮಾರನ ರೊಟ್ಟಿ ಕಟಗೊಂಡು ಬಂದೀನ್ರಿ ಯಪ್ಪಾ, ಒಳಗ ಬಿಡಲಿಲ್ಲ’ ಅಂದರು. ಆಮೇಲೆ ಎಲೆ-ಅಡಿಕೆ ಸಂಚಿ ಬಿಚ್ಚಿ ಒಂದು ಚೀಟಿ ತೆಗೆದರು. ಶಕ್ತಿ ಯೋಜನೆಯ ಶೂನ್ಯ ಟಿಕೆಟ್. ಸುಣ್ಣ ಮೆತ್ತಿಕೊಂಡಿತ್ತು, ಆದರೂ ತಾರೀಕು ಓದಲು ಬರುತ್ತಿತ್ತು. ಸೋಮವಾರದ್ದೇ. (ಆ ಟಿಕೆಟಿನ ಅಕ್ಷರ ಬೇಗ ಮಾಸುತ್ತದೆ. ಸಿಕ್ಕ ತಕ್ಷಣ ಫೋಟೊ ಹೊಡೆದುಕೊಳ್ಳಿ.)

ಆದರೆ ಟಿಕೆಟ್ ತಾಯಿ ಬಂದದ್ದನ್ನು ಹೇಳುತ್ತದೆ, ಮಗ ಒಳಗಿದ್ದದ್ದನ್ನಲ್ಲ. ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಕೊಟ್ಟ ತೀರ್ಪಿನ ಪ್ರಕಾರ ಬಂಧನದ ಮೆಮೊದಲ್ಲಿ, ಅಂದರೆ ಹಿಡಿದಾಗ ಪೊಲೀಸರು ಬರೆಯುವ ಕಾಗದದಲ್ಲಿ, ದಿನ, ಸಮಯ ಇರಬೇಕು, ಸಾಕ್ಷಿಯೊಬ್ಬರ ಸಹಿ ಬೇಕು. ವಕೀಲರಿಂದ ಅದರ ಪ್ರತಿ ಪಡೆದು ಸಹಿ ಹಾಕಿದವರನ್ನು ಹುಡುಕಿದೆ. ಮೂರು ಸಲ ಹೋದೆ. ಮೂರನೇ ಸಲ ಚಹಾ ಕುಡಿಸಿ, ‘ಸಹಿ ಹಾಕಿದ್ದು ಗುರುವಾರ, ಕೋರ್ಟ್ ಹತ್ತಿರ’ ಅಂದುಬಿಟ್ಟರು. ಅಂದರೆ ಆ ಮೆಮೊ ಹಿಡಿದ ಹೊತ್ತಿನಲ್ಲಿ ಆದದ್ದಲ್ಲ. ಅಲ್ಲಿಗೆ ಸುದ್ದಿ ಗಟ್ಟಿಯಾಯಿತು.

ಅಚ್ಚಾಯಿತು. ಇಲಾಖಾ ವಿಚಾರಣೆಯೂ ಆಯಿತು. ನನ್ನನ್ನು ಪೊಲೀಸರು ಸುದ್ದಿ ಹಾಕುವ ವಾಟ್ಸಾಪ್ ಗ್ರೂಪಿನಿಂದ ತೆಗೆದರು. ಎರಡು ತಿಂಗಳು ಸಣ್ಣ ಅಪಘಾತದ ವಿವರಕ್ಕೂ ಶವಾಗಾರದ ಮುಂದೆ ಹೋಗಿ ನಿಲ್ಲಬೇಕಾಯಿತು. ಅಲ್ಲೇ ಒಬ್ಬ ಕಾನ್‌ಸ್ಟೆಬಲ್ ಪಕ್ಕಕ್ಕೆ ಬಂದು, ‘ಚಲೋ ಬರದೀರಿ ಸರ’ ಅಂತ ಮೆಲ್ಲಗೆ ಹೇಳಿ ಹೋದರು. ಇಲಾಖೆಯಲ್ಲಿ ಎಲ್ಲರೂ ಒಂದೇ ಥರ ಇರೋದಿಲ್ಲ. ನನ್ನ ಮುಂದಿನ ಸುದ್ದಿಯ ಸುಳಿವು ಬಂದದ್ದು ಅವರಿಂದಲೇ.

ಠಾಣೆಗಳಲ್ಲಿ ಸಿಸಿಟಿವಿ ಇರಲೇಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ದೃಶ್ಯ ಅಳಿಸುವ ಮುಂಚೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಜಾಸ್ತಿ ಬರೆದರೆ ಅದೇ ನೆಪ ಸಾಕು. ‘ಕೆಟ್ಟು ಹೋಗಿದೆ’ ಅಂತ ಉತ್ತರ ಬಂದರೆ ಬೇಜಾರಾಗಬೇಡಿ, ಅದೂ ಒಂದು ಸುದ್ದಿ. ಠಾಣೆಯವರ ಮಾತನ್ನೂ ಕೇಳಿಯೇ ಬರೆಯಿರಿ. ಮಾನನಷ್ಟದ ಕೇಸಿಗೆ ಅಲೆಯೋದು ನೀವೊಬ್ಬರೇ.

ಸದ್ಯಕ್ಕೆ ವಾರದಲ್ಲೊಂದು ದಿನ ಜಿಲ್ಲಾ ಕೋರ್ಟಿಗೆ ಹೋಗಿ. ಬಂಧಿತರ ಮನೆಯವರು ಬುತ್ತಿ ಹಿಡಿದು ಹೊರಗೆ ಕೂತಿರುತ್ತಾರೆ. ಈಗಲೇ ಸುದ್ದಿ ಬರೆಯೋಕೆ ಹೋಗಬೇಡಿ, ಯಾವ ದಿನ ಹಿಡಿದರು ಅಂತಷ್ಟೇ ಕೇಳಿ ಬರೆದಿಟ್ಟುಕೊಳ್ಳಿ.