ಓದುಗರ ಪ್ರಶ್ನೆ: ಮನಸ್ಸಿನಲ್ಲಿ ಬೆಂಬಲ ಇದ್ದರೆ ಸಾಲದಾ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಹಾಸನ, ಈಗ ಅಮೆರಿಕದ ವರ್ಜೀನಿಯಾದಲ್ಲಿದ್ದೇವೆ. ಸಿಟಿಜನ್ ಆದ ಮೇಲೆ ಒಂದು ಪಿಸ್ತೂಲು ತಗೊಂಡು ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ಬಂದೂಕಿನ ಹಕ್ಕು ಇರಬೇಕು ಅನ್ನುವವನೇ ನಾನು. ಪಕ್ಕದ ಮನೆಯವರು ಇದಕ್ಕಾಗಿ ರಜೆ ಹಾಕಿ ರಾಜಧಾನಿ ರಿಚ್ಮಂಡ್‌ಗೆ ಹೋಗುತ್ತಾರೆ, ಶಾಸಕರನ್ನು ಕಂಡು ಬರುತ್ತಾರೆ. ನಾನು ಬರಲ್ಲ ಅಂದಿದ್ದಕ್ಕೆ ಮೊನ್ನೆ "ನಿಮ್ಮಂಥವರಿಂದಲೇ ನಾವು ಸೋಲೋದು" ಅಂದುಬಿಟ್ಟರು. ತುಂಬಾ ಬೇಜಾರಾಯಿತು. ಎಲ್ಲರೂ ಬೀದಿಗೆ ಇಳಿಯಲೇಬೇಕಾ?
— ಹೆಸರು ಬೇಡ, ಫೇರ್‌ಫ್ಯಾಕ್ಸ್

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ಈ ವಿಷಯದಲ್ಲಿ ನಾನು ನಿಮ್ಮ ಕಡೆಯವಳಲ್ಲ. ಬಂದೂಕು ಯಾರೇ ಕೊಳ್ಳಲಿ, ಕೊಡುವ ಮುಂಚೆ ಅವರ ಹಿನ್ನೆಲೆ ನೋಡಲೇಬೇಕು ಅನ್ನುವವಳು. ಆದರೆ ನೀವು ಕೇಳಿದ್ದು ಬಂದೂಕಿನ ಬಗ್ಗೆ ಅಲ್ಲ, ಬೆಂಬಲದ ಬಗ್ಗೆ. ಮನಸ್ಸಿನಲ್ಲಿ ಮಾತ್ರ ಇರುವ ಬೆಂಬಲ ಸಾಲದು. ನಿಮ್ಮ ನೆರೆಯವರ ಮಾತು ಒರಟಾಗಿತ್ತು ನಿಜ, ಆದರೆ ಅವರ ಲೆಕ್ಕ ತಪ್ಪಿಲ್ಲ.

ನಿಮ್ಮ ರಾಜ್ಯದಲ್ಲೇ ನಡೆದಿದ್ದು ನೋಡಿ. 2017ರ ನವೆಂಬರ್‌ನಲ್ಲಿ ನ್ಯೂಪೋರ್ಟ್ ನ್ಯೂಸ್ ಊರಿನ ಕಡೆಯ, ರಾಜ್ಯದ ಕೆಳಮನೆಯ 94ನೇ ಕ್ಷೇತ್ರದಲ್ಲಿ ಇಬ್ಬರು ಅಭ್ಯರ್ಥಿಗಳಿಗೂ ಸರಿಯಾಗಿ 11,608 ಓಟು ಬಿತ್ತು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಕೊನೆಗೆ 2018ರ ಜನವರಿ 4ರಂದು ಇಬ್ಬರ ಹೆಸರನ್ನೂ ಚೀಟಿಯಲ್ಲಿ ಬರೆದು, ಹಿಂದೆ ಕ್ಯಾಮೆರಾ ರೀಲು ಹಾಕಿಡುತ್ತಿದ್ದರಲ್ಲ, ಆ ಪುಟ್ಟ ಡಬ್ಬಿಗಳಲ್ಲಿ ಇಟ್ಟು, ಒಂದು ಬಟ್ಟಲಿಗೆ ಹಾಕಿ ಎತ್ತಿದರು. ಗೆದ್ದದ್ದು ಬಂದೂಕಿನ ಹಕ್ಕಿನ ಪರ ಇರುವ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿ. ಆ ಒಂದು ಚೀಟಿಯಿಂದ ಕೆಳಮನೆ 51-49ರಲ್ಲಿ ಅವರ ಕೈಯಲ್ಲೇ ಉಳಿಯಿತು. ಆ ಊರಿನಲ್ಲಿ "ನನ್ನದೊಂದು ಓಟಿನಿಂದ ಏನಾಗುತ್ತೆ" ಅಂತ ಮನೆಯಲ್ಲೇ ಕೂತವರು ಎಷ್ಟು ಜನ ಇದ್ದರೋ! ಎರಡು ಕಡೆಯಲ್ಲೂ ಇದ್ದೇ ಇರುತ್ತಾರೆ, ಅಲ್ವಾ?

2019ರ ಮೇ 31ರಂದು ವರ್ಜೀನಿಯಾ ಬೀಚ್‌ನ ಸರ್ಕಾರಿ ಕಟ್ಟಡದಲ್ಲಿ ಗುಂಡಿನ ದಾಳಿಯಾಗಿ 12 ಜನ ಸತ್ತರು. ಬಂದೂಕು ನಿಯಂತ್ರಣದ ಮಸೂದೆಗಳಿಗಾಗಿ ಗವರ್ನರ್ ಜುಲೈನಲ್ಲಿ ವಿಶೇಷ ಅಧಿವೇಶನ ಕರೆದರು. ಸುಮಾರು ಒಂದೂವರೆ ಗಂಟೆಯಲ್ಲಿ, ಒಂದು ಮಸೂದೆಯೂ ಪಾಸಾಗದೆ, ರಿಪಬ್ಲಿಕನ್ನರು ಅಧಿವೇಶನವನ್ನು ನವೆಂಬರ್‌ಗೆ ಮುಂದಕ್ಕೆ ಹಾಕಿ ಎದ್ದು ಹೋದರು. ಬಟ್ಟಲಿನಿಂದ ಎತ್ತಿದ ಚೀಟಿಗೆ ಎಷ್ಟು ತೂಕ ಇತ್ತು ಅಂತ ಆವತ್ತು ಗೊತ್ತಾಯಿತು. ಅದೇ ನವೆಂಬರ್‌ನ ಚುನಾವಣೆಯಲ್ಲಿ ಎರಡೂ ಮನೆ, ಬಂದೂಕಿಗೆ ಕಡಿವಾಣ ಬೇಕು ಅನ್ನುವ ಡೆಮಾಕ್ರಾಟ್‌ಗಳ ಪಾಲಾದವು.

ಆಮೇಲೆ ಎದ್ದರು ನಿಮ್ಮ ಕಡೆಯವರು. 2020ರ ಜನವರಿ 20ರ ಚಳಿಯಲ್ಲಿ ರಿಚ್ಮಂಡ್‌ನ ವಿಧಾನಭವನದ ಸುತ್ತ ಸುಮಾರು 22,000 ಜನ ಸೇರಿದರು. ಬೇಲಿಯ ಒಳಗೆ ಬಂದೂಕು ತರುವಂತಿರಲಿಲ್ಲ, ಹಾಗಾಗಿ ಜಾಸ್ತಿ ಜನ ಹೊರಗೇ ಹೆಗಲಿಗೆ ರೈಫಲ್ ಹಾಕಿಕೊಂಡು ನಿಂತಿದ್ದರು. ಗಲಾಟೆ ಆಗಲಿಲ್ಲ. ಆದರೆ ಓಟು ಎಣಿಸಿ ಎರಡು ತಿಂಗಳಾಗಿತ್ತು. ಹಿನ್ನೆಲೆ ಪರಿಶೀಲನೆ, ತಿಂಗಳಿಗೆ ಒಂದೇ ಪಿಸ್ತೂಲು, ಅಪಾಯಕಾರಿ ಅನ್ನಿಸಿದವರ ಬಂದೂಕನ್ನು ತಾತ್ಕಾಲಿಕವಾಗಿ ತೆಗೆದಿಡುವ ಅಧಿಕಾರ, ಈ ಮೂರೂ ಆ ವರ್ಷವೇ ಕಾನೂನಾದವು. ಸೇನಾ ಮಾದರಿಯ ರೈಫಲ್‌ಗಳ ಮೇಲಿನ ನಿಷೇಧ ಮಾತ್ರ ಸೆನೆಟ್ ಸಮಿತಿಯಲ್ಲೇ ನಿಂತಿತು, ಅದೂ ಡೆಮಾಕ್ರಾಟ್ ಪಕ್ಷದ ನಾಲ್ವರು ಆ ಕಡೆ ಸೇರಿದ್ದರಿಂದ. ಚಳಿಯಲ್ಲಿ ನಿಂತವರ ಪಾಲು ಅದರಲ್ಲಿ ಏನೂ ಇಲ್ಲ ಅಂತ ನಾನಂತೂ ಹೇಳಲಾರೆ.

ನನ್ನ ಕಡೆಯವರ ಕಥೆಯೂ ಬೇರೆಯಲ್ಲ. 2012ರ ಡಿಸೆಂಬರ್‌ನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳು, 6 ಜನ ಸಿಬ್ಬಂದಿ ಗುಂಡಿಗೆ ಬಲಿಯಾದರು. ಹಿನ್ನೆಲೆ ಪರಿಶೀಲನೆ ಬೇಕು ಅಂತ ಸಮೀಕ್ಷೆಗಳಲ್ಲಿ ಹತ್ತರಲ್ಲಿ ಒಂಬತ್ತು ಜನ ಹೇಳಿದರು. ನಾಲ್ಕು ತಿಂಗಳ ನಂತರ ಅಮೆರಿಕದ ಸೆನೆಟ್‌ನಲ್ಲಿ ಆ ಪ್ರಸ್ತಾಪಕ್ಕೆ ಸಿಕ್ಕಿದ್ದು 54 ಓಟು, ಬೇಕಿದ್ದದ್ದು 60. ಸಮೀಕ್ಷೆಯವರು ಕೇಳಿದಾಗ ಹೌದು ಅಂದವರಲ್ಲಿ ಎಷ್ಟು ಜನ ತಮ್ಮ ಸೆನೆಟರ್ ಆಫೀಸಿಗೆ ಒಂದು ಫೋನ್ ಮಾಡಿದ್ದರು? ಇನ್ನೊಂದು ಕಡೆಯವರ ಫೋನು ಬಿಡದೆ ಬಾರಿಸುತ್ತಿತ್ತು. ಈ ಪಾಠ ಕಲಿತ ತಾಯಂದಿರು ಈಗ ಕೆಂಪು ಟೀ ಶರ್ಟ್ ಹಾಕಿಕೊಂಡು ಸಮಿತಿ ಸಭೆಗಳಲ್ಲಿ ಬಂದು ಕೂರುತ್ತಾರೆ.

ಬಂದೂಕಿನ ಹಕ್ಕಿಗಾಗಿ ಹೋರಾಡುವ ನ್ಯಾಷನಲ್ ರೈಫಲ್ ಅಸೋಸಿಯೇಷನ್ (ಎನ್‌ಆರ್‌ಎ) ಕೂಡ ಹೀಗೇ ಬದಲಾಗಿದ್ದು. 1871ರಲ್ಲಿ ಗುರಿ ಹೊಡೆಯುವುದನ್ನು ಕಲಿಸಲು ಹುಟ್ಟಿದ ಸಂಸ್ಥೆ ಅದು. 1977ರಲ್ಲಿ ಅದರ ಮುಖಂಡರು ಕೇಂದ್ರ ಕಚೇರಿಯನ್ನು ವಾಷಿಂಗ್ಟನ್‌ನಿಂದ ಕೊಲೊರಾಡೊಗೆ ಸಾಗಿಸಿ, ಬೇಟೆ, ಕ್ರೀಡೆ ಕಡೆ ಹೊರಳುವ ಯೋಚನೆಯಲ್ಲಿದ್ದರು. ಸಿನ್ಸಿನಾಟಿಯ ವಾರ್ಷಿಕ ಸಭೆಗೆ ಬಂದ ಸದಸ್ಯರ ಒಂದು ಗುಂಪು ಬೇಟೆಗಾರರ ಕಿತ್ತಳೆ ಬಣ್ಣದ ಟೋಪಿ ಹಾಕಿ, ಕೈಯಲ್ಲಿ ವಾಕಿಟಾಕಿ ಹಿಡಿದು, ರಾತ್ರಿಯಿಡೀ ಸಭಾಂಗಣ ಬಿಡದೆ, ಸಂಸ್ಥೆಯ ನಿಯಮಗಳನ್ನೇ ತಿದ್ದಿಸಿ, ಬೆಳಗಾಗುವಷ್ಟರಲ್ಲಿ ಮುಖಂಡರನ್ನೇ ಇಳಿಸಿತು. ದೇಶದ ತುಂಬ ಇದ್ದ ಮಿಕ್ಕ ಸದಸ್ಯರು ಮನೆಯಲ್ಲಿ ಮಲಗಿದ್ದರು. ಎನ್‌ಆರ್‌ಎ ಇವತ್ತಿನ ರೂಪಕ್ಕೆ ಬಂದದ್ದು ಆ ಒಂದು ರಾತ್ರಿಯಿಂದ.

ಹಾಗಂತ ನೀವು ರೈಫಲ್ ಹೊತ್ತು ನಿಲ್ಲಬೇಕಿಲ್ಲ. ನಿಮ್ಮ ರಾಜ್ಯದ ಶಾಸಕರ ಚುನಾವಣೆ ಬೆಸ ವರ್ಷಗಳಲ್ಲಿ ಬರುತ್ತದೆ, ಅಧ್ಯಕ್ಷರ ಚುನಾವಣೆಯ ಗದ್ದಲ ಆಗ ಇರುವುದಿಲ್ಲ. ನಮ್ಮವರು ತಪ್ಪಿಸಿಕೊಳ್ಳುವುದು ಅಲ್ಲೇ. ಅದಕ್ಕೆ ಹೋಗಿ. ನಿಮ್ಮ ಶಾಸಕರಿಗೆ ವರ್ಷಕ್ಕೊಂದು ಪತ್ರ ಬರೆಯಿರಿ, ಯಾರೋ ಕಳಿಸಿದ ಮೆಸೇಜ್ ಫಾರ್ವರ್ಡ್ ಮಾಡಬೇಡಿ, ನಿಮ್ಮ ಮಾತಿನಲ್ಲೇ ಬರೆಯಿರಿ. ನೆರೆಯವರ ಜೊತೆ ಒಂದು ಸಲ ಹೋಗಿ ಸುಮ್ನೆ ಕೂತು ನೋಡಿ. ಬೇಡ ಅನ್ನಿಸಿದರೆ ಆಮೇಲೆ ಬಿಟ್ಟರಾಯಿತು.

ಪ್ರಶ್ನೆ: ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡವರಿಗೆ ಇರುವ ವಿನಾಯಿತಿ ಹೋಗಿಬಿಡುತ್ತದೆ ಅಂತ ಆಗಾಗ ಸುದ್ದಿ ಬರುತ್ತದೆ. ನಮ್ಮಂಥ ಸಾಮಾನ್ಯರು ಏನು ಮಾಡಬೇಕು?
— ಓದುಗರು, ವಿರಾಜಪೇಟೆ

ಉತ್ತರ: ಸದ್ಯಕ್ಕೆ ಭಯ ಬೇಡ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೂ ಇರುವ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. ಅದನ್ನು ಪ್ರಶ್ನಿಸಿ ಹೋದವರ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ಒಪ್ಪಲಿಲ್ಲ. ಆದರೆ 2029ರ ಅಕ್ಟೋಬರ್‌ಗೆ ಆ ಗಡುವು ಮುಗಿಯುತ್ತದೆ.

ಸ್ನೇಹಿತೆಯ ಮನೆಯ ಹುತ್ತರಿ ಸುಗ್ಗಿ ಹಬ್ಬಕ್ಕೆ ಒಮ್ಮೆ ಹೋಗಿದ್ದೆ. ಬೆಳದಿಂಗಳ ಗದ್ದೆಯಲ್ಲಿ ಕದಿರು ಕೊಯ್ಯುವ ಮುಂಚೆ ಅವಳ ದೊಡ್ಡಪ್ಪ ಆಕಾಶಕ್ಕೆ ಒಂದು ಗುಂಡು ಹಾರಿಸಿದರು. ಆಮೇಲೆ ಎಲ್ಲರೂ ಸೇರಿ "ಪೊಲಿ ಪೊಲಿ ದೇವಾ" ಅಂತ ಕೂಗಿದರು. ಆ ಕೋವಿ ಮನೆಯಲ್ಲಿ ಉಳಿಯಬೇಕು ಅನ್ನುವವರು ಊರಿಗೆಲ್ಲ ಇದ್ದಾರೆ. ಕೋರ್ಟು, ಮನವಿ, ಕಾಗದಪತ್ರ ಅಂತ ಓಡಾಡುವವರು ಮಾತ್ರ ಕೈಬೆರಳಲ್ಲಿ ಎಣಿಸುವಷ್ಟು, ಅದರಲ್ಲೂ ಹಲವರಿಗೆ ವಯಸ್ಸಾಗಿದೆ. ಅವರ ಜೊತೆ ಒಂದು ದಿನ ಓಡಾಡಿ. ಅದಕ್ಕೂ ಮುಂಚೆ ನಿಮ್ಮ ಮನೆಯ ವಿನಾಯಿತಿ ಪತ್ರ ಎಲ್ಲಿದೆ, ಯಾರ ಹೆಸರಿನಲ್ಲಿದೆ ಅಂತ ಈ ಭಾನುವಾರವೇ ತೆಗೆದು ನೋಡಿ.